ಬಂಗಾರದಾಗ ‘ಗಾರ’ ಇಲ್ಲ: ಇಂಗ್ಲಿಷ್ ಪದ ಬಿಡಿಸೂ ಚರ್ಚೆ

ಸಪ್ತಾಪುರ_ಓದುಕೋಣೆ

ಎಫ್‌ಡಿಎ, ಪಿಎಸ್‌ಐ ಪರೀಕ್ಷೆಗೆ ಕುಂತವರ ಕೈಯಾಗೆಲ್ಲಾ ಧಾರವಾಡದ ಝೆರಾಕ್ಸ್ ಅಂಗಡ್ಯಾಗ ಸಿಗೂ ರೂಟ್ ವರ್ಡ್ಸ್ ಪಟ್ಟಿ ಇರತದ. ಸ್ಪೆಕ್ಟ್ ಅಂದ್ರ ನೋಡು, ಪೋರ್ಟ್ ಅಂದ್ರ ಹೊರು, ಡಿಕ್ಟ್ ಅಂದ್ರ ಹೇಳು. ಪಟ್ಟಿ ಬಾಯಿಪಾಠ ಆದ್ರೂ ಹೊಸ ಪದ ಎದುರಿಗೆ ಬಂದಾಗ ಎಲ್ಲಿ ಕತ್ತರಿ ಹಾಕಬೇಕು ಅನ್ನೂದು ತಿಳಿಯೂದಿಲ್ಲ. ‘ರೀ’ ಕಂಡಲ್ಲೆಲ್ಲಾ ‘ಮತ್ತೊಮ್ಮೆ’, ‘ಇನ್’ ಕಂಡಲ್ಲೆಲ್ಲಾ ‘ಅಲ್ಲ’ ಅಂತ ಬರದು ಮಾರ್ಕ್ಸ್ ಹೋಗತಾವ.

ಮೂರು ಪ್ರಶ್ನೆ. ಬಿಡಿಸೂ ಕ್ರಮ ಯಾವುದು? ಬಿಡಿಸಿದ್ದು ಸರಿ ಅಂತ ತಾಳೆ ನೋಡೂದು ಹೆಂಗ? ಸ್ಪೆಲ್ಲಿಂಗ್‌ಗೆ ಇದರಿಂದ ಏನರ ಉಪಯೋಗ ಅದನ? ಬರೇ ಪಟ್ಟಿ ಹಾಕಬ್ಯಾಡ್ರಿ, ಪಟ್ಟಿ ನಮ್ಮ ಹತ್ರ ಅದಾವ.

ಗದಗ_ಮಾಸ್ತರ

ಪಟ್ಟಿ ತಪ್ಪಲ್ಲ. ಪಟ್ಟಿ ಹಿಡಕೊಂಡು ಎಡಗಡೆಯಿಂದ ಬಲಕ್ಕ ಹೊಂಟಿದ್ದು ತಪ್ಪು. ಇಂಗ್ಲಿಷ್ ಪದ ಉಳ್ಳಾಗಡ್ಡಿ ಇದ್ದಂಗ, ಹೊರಗಿನ ಸಿಪ್ಪಿಯಿಂದ ಸುಲೀಬೇಕು. ಹೊರಗಿನ ಸಿಪ್ಪಿ ಭಾಳ ಸಲ ಪದದ ಬಾಲದಾಗ ಇರತದ.

‘ಮಿಸ್‌ಅಂಡರ್‌ಸ್ಟ್ಯಾಂಡಿಂಗ್ಸ್’ ತೊಗೋರಿ. ಮೊದಲು ಕಡೀ ಎಸ್ ತೆಗೀರಿ, ಅದು ಬಹುವಚನ, ಪದದ ಅರ್ಥಕ್ಕೂ ಅದಕ್ಕೂ ಸಂಬಂಧ ಇಲ್ಲ. ಆಮ್ಯಾಲ ‘ಇಂಗ್’ ತೆಗೀರಿ, ಕ್ರಿಯಾಪದವನ್ನ ನಾಮಪದ ಮಾಡಿದ್ದು ಅದು. ಉಳೀತು ‘ಮಿಸ್‌ಅಂಡರ್‌ಸ್ಟ್ಯಾಂಡ್’. ಈಗ ಮುಂದಿನ ‘ಮಿಸ್’ ತೆಗೀರಿ, ಅಂದ್ರ ‘ತಪ್ಪಾಗಿ’. ಉಳೀತು ‘ಅಂಡರ್‌ಸ್ಟ್ಯಾಂಡ್’. ಇಲ್ಲಿ ಕತ್ತರಿ ಕೆಳಗ ಇಡ್ರಿ. ಇನ್ನೊಂದು ಪೆಟ್ಟು ಹಾಕಿದ್ರ ‘ಕೆಳಗ’ ಮತ್ತ ‘ನಿಲ್ಲು’ ಅಂತ ಎರಡು ತುಂಡು ಬೀಳತಾವ ಖರೆ, ಆದ್ರ ಕೂಡಿಸಿದ್ರ ‘ತಿಳಕೋ’ ಅನ್ನೂ ಅರ್ಥ ಬರೂದಿಲ್ಲ. ಬಿಡಿಸಿದ್ದು ಅರ್ಥ ಕೊಡೂತನಾ ಬಿಡಿಸಬೇಕು, ಕೊಡೂದು ನಿಂತ ಕೂಡಲೇ ನಿಲ್ಲಬೇಕು.

ಇನ್ನ ತಾಳೆ. ಇದಕ್ಕ ಕನ್ನಡದ್ದ ಉದಾಹರಣೆ ಸಾಕು. ಹೂಗಾರ, ಬಳೆಗಾರ, ಮೋಸಗಾರ: ‘ಗಾರ’ ತೆಗೆದ್ರ ಹೂ, ಬಳೆ, ಮೋಸ ಉಳೀತಾವ. ಬಂಗಾರ? ‘ಗಾರ’ ತೆಗೆದ್ರ ‘ಬಂ’ ಉಳೀತದ, ಅದಕ್ಕ ಹಿಂದ ಮುಂದ ಯಾರೂ ಇಲ್ಲ. ಅಂದ್ರ ಬಂಗಾರದಾಗ ‘ಗಾರ’ ಇಲ್ಲ, ಅಲ್ಲಿ ಇರೂದು ಬರೇ ಅಕ್ಷರ. ಇಂಗ್ಲಿಷ್‌ನ ‘ಅರ್’ ಹಂಗ. ಟೀಚರ್, ಸಿಂಗರ್, ಬೇಕರ್ ಬರೋಬ್ಬರಿ. ಫಿಂಗರ್ ಅಂದ್ರ ‘ಫಿಂಗ್’ ಮಾಡಾವ ಅಲ್ಲ.

ಆದ್ರ ಉಳಿದ ತುಂಡು ತಾನಾಗೇ ಒಂದು ಪದ ಆದ್ರೂ ಮೋಸ ಆಗಬಹುದು. ‘ಕಾರ್ನರ್’ದಾಗ ‘ಅರ್’ ತೆಗೆದ್ರ ‘ಕಾರ್ನ್’ ಉಳೀತದ. ಹಾವೇರಿ ಮಂದಿಗೆ ಖುಷಿ ಆಗಬಹುದು, ಆದ್ರ ಕಾರ್ನರ್ ಅಂದ್ರ ಗೋವಿನಜೋಳ ಬೆಳ್ಯಾವ ಅಲ್ಲ. ಅದಕ್ಕ ಎರಡು ಸಾಕ್ಷಿ ಕೇಳ್ರಿ. ತೆಗೆದ ತುಂಡು ಅದ ಅರ್ಥದಾಗ ಬ್ಯಾರೆ ಪದದಾಗ ಸಿಗಬೇಕು. ಉಳಿದ ತುಂಡೂ ಅದ ಅರ್ಥದಾಗ ಬ್ಯಾರೆ ಪದದಾಗ ಸಿಗಬೇಕು. ಎರಡೂ ಸಿಕ್ರ ಮಾತ್ರ ಕತ್ತರಿ.

ಉಳಿದ ತುಂಡು ಒಂಟಿಯಾಗಿ ನಿಲ್ಲಬೇಕು ಅಂತೇನಿಲ್ಲ ಮತ್ತ. ‘ವಿಸಿಬಲ್’ ಒಳಗಿನ ‘ವಿಸ್’ ಒಂದ ನಿಲ್ಲೂದಿಲ್ಲ, ಆದ್ರ ವಿಷನ್, ರಿವೈಸ್, ಟೆಲಿವಿಷನ್ ಬಂದು ಸಾಕ್ಷಿ ಹೇಳತಾವ, ಎಲ್ಲಾದರಾಗೂ ‘ನೋಡು’ ಅದ. ಇಂಥವಕ್ಕ ಬದ್ಧ ಆಕೃತಿಮಾ ಅಂತಾರ, ಒಂಟಿಯಾಗಿ ನಿಲ್ಲೂ ತುಂಡಿಗೆ ಮುಕ್ತ ಆಕೃತಿಮಾ ಅಂತಾರ. ಹೆಸರು ಮರತ್ರೂ ನಡೀತದ, ಸಾಕ್ಷಿ ಮರೀಬ್ಯಾಡ್ರಿ.

ಚಿಕ್ಕು_ಕಲಘಟಗಿ

ಸರ, ‘ಅನ್‌ಲಾಕಬಲ್’ ಅನ್ನೂದಕ್ಕ ಒಂದು ಪುಸ್ತಕದಾಗ ‘ಕೀಲಿ ಹಾಕಾಕ ಬರದ್ದು’ ಅಂತ ಐತಿ, ಇನ್ನೊಂದರಾಗ ‘ಕೀಲಿ ತಗ್ಯಾಕ ಬರೂದು’ ಅಂತ ಐತಿ. ಯಾವುದು ಖರೆ?

ಗದಗ_ಮಾಸ್ತರ

ಎರಡೂ ಖರೆ ತಮ್ಮಾ. ಸಿಪ್ಪಿ ಯಾವ ಕ್ರಮದಾಗ ಸುತ್ತ್ಯಾರ ಅನ್ನೂದರ ಮ್ಯಾಲ ಅದ. ‘ಲಾಕ್’ಗೆ ಮೊದಲು ‘ಏಬಲ್’ ಹಚ್ಚಿ ‘ಲಾಕಬಲ್’ ಮಾಡಿ, ಆಮ್ಯಾಲ ‘ಅನ್’ ಹಚ್ಚಿದ್ರ ಕೀಲಿ ಹಾಕಾಕ ಆಗದ ಬಾಗಿಲ. ಮೊದಲು ‘ಅನ್‌ಲಾಕ್’ ಮಾಡಿ, ಆಮ್ಯಾಲ ‘ಏಬಲ್’ ಹಚ್ಚಿದ್ರ ಕೀಲಿ ತೆಗೀಬಹುದಾದ ಬಾಗಿಲ.

ಇದರ ಬೇರು ಎಲ್ಲಿ ಅದ ಅಂದ್ರ ‘ಅನ್’ ಒಂದಲ್ಲ, ಎರಡು. ಗುಣವಾಚಕದ ಮುಂದ ಬಂದ್ರ ‘ಅಲ್ಲ’: ಅನ್‌ಹ್ಯಾಪಿ, ಅನ್‌ಕೈಂಡ್. ಕ್ರಿಯಾಪದದ ಮುಂದ ಬಂದ್ರ ‘ಮಾಡಿದ್ದನ್ನ ವಾಪಸ್ ಬಿಚ್ಚು’: ಅನ್‌ಟೈ, ಅನ್‌ಪ್ಯಾಕ್, ಅನ್‌ಡೂ. ಅನ್‌ಟೈ ಅಂದ್ರ ‘ಕಟ್ಟಬ್ಯಾಡ’ ಅಲ್ಲ, ಕಟ್ಟಿದ ಗಂಟು ಬಿಚ್ಚು. ಹಂಗಂದ್ರ ‘ಅನ್‌ಹ್ಯಾಪಿನೆಸ್’ ಬಿಡಿಸೂವಾಗ ಹ್ಯಾಪಿಗೆ ‘ಅನ್’ ಮೊದಲು, ‘ನೆಸ್’ ಆಮ್ಯಾಲ. ‘ನೆಸ್’ ಹಚ್ಚಿದ್ರ ನಾಮಪದ ಆಗತದ, ನಾಮಪದಕ್ಕ ‘ಅನ್’ ಸಹಜವಾಗಿ ಹತ್ತೂದಿಲ್ಲ.

ಕರಡು_ತಿದ್ದುವವ

ಮೂರನೇ ಪ್ರಶ್ನೆಗೆ ಬರುತ್ತೇನೆ. ನನ್ನ ದೃಷ್ಟಿಯಲ್ಲಿ ಪದ ಬಿಡಿಸುವುದರ ದೊಡ್ಡ ಲಾಭ ಅರ್ಥಕ್ಕಿಂತ ಸ್ಪೆಲ್ಲಿಂಗಿನಲ್ಲಿದೆ.

ಸಪ್ತಾಪುರದ ಪಿಜಿ ಬೋರ್ಡುಗಳನ್ನೇ ನೋಡಿ. ‘ಅಕಾಮಡೇಷನ್’ ನಾಲ್ಕು ಬಗೆಯಲ್ಲಿ ಸಿಗುತ್ತದೆ: ಸಿ ಒಂದು ಎಂ ಎರಡು, ಸಿ ಎರಡು ಎಂ ಒಂದು, ಎರಡೂ ಒಂದೊಂದೇ, ಅಪರೂಪಕ್ಕೆ ಸರಿಯಾದದ್ದು. ಈ ಪದದ ತುಂಡುಗಳು ಇವು. ಮೊದಲು ಲ್ಯಾಟಿನ್ನಿನ ‘ಆ್ಯಡ್’, ಅಂದರೆ ‘ಕಡೆಗೆ’. ಮುಂದೆ ಸಿ ಬಂದದ್ದರಿಂದ ಅದರ ಡಿ ಕೂಡ ಸಿ ಆಗಿ ‘ಎ-ಸಿ’ ಆಯಿತು. ಆಮೇಲೆ ‘ಕಾಮ್’, ಅಂದರೆ ‘ಜೊತೆಗೆ’: ಸಿ-ಓ-ಎಂ. ಆಮೇಲೆ ‘ಮಾಡ್’, ಅಂದರೆ ‘ಅಳತೆ’. ಮಾಡರೇಟ್, ಮಾಡೆಲ್ ಎರಡರಲ್ಲೂ ಇದೇ ಇದೆ. ಕೊನೆಗೆ ‘ಏಟ್’, ‘ಅಯಾನ್’. ಮೊದಲ ತುಂಡಿನ ಸಿ ಎರಡನೆಯದರ ಸಿಗೆ ತಾಗಿತು, ಎರಡನೆಯದರ ಎಂ ಮೂರನೆಯದರ ಎಂಗೆ ತಾಗಿತು. ಎರಡು ಸಿ, ಎರಡು ಎಂ. ಬಾಯಿಪಾಠ ಬೇಕಿಲ್ಲ, ಕೂಡಿಸಿದರೆ ತಾನೇ ಬರುತ್ತದೆ.

ಇದೇ ಲೆಕ್ಕ ಬೇರೆ ಕಡೆಗೂ ನಡೆಯುತ್ತದೆ. ‘ಡಿಸಪಾಯಿಂಟ್’ನಲ್ಲಿ ‘ಡಿಸ್’ ಮುಗಿದ ಮೇಲೆ ‘ಅಪಾಯಿಂಟ್’ ಶುರು, ಹಾಗಾಗಿ ಎಸ್ ಒಂದೇ, ಪಿ ಎರಡು. ‘ಡಿಸ್‌ಸ್ಯಾಟಿಸ್‌ಫೈಡ್’ನಲ್ಲಿ ಡಿಸ್‌ನ ಎಸ್ ಒಂದು, ಸ್ಯಾಟಿಸ್‌ಫೈನ ಎಸ್ ಇನ್ನೊಂದು. ‘ಮಿಸ್‌ಸ್ಪೆಲ್’ಗೆ ಎರಡು ಎಸ್, ‘ಅನ್‌ನ್ಯಾಚುರಲ್’ಗೆ ಎರಡು ಎನ್. ‘ರೆಕಮೆಂಡ್’ ಅಂದರೆ ‘ರಿ’ ಮತ್ತು ‘ಕಮೆಂಡ್’, ಸಿ ಒಂದು, ಎಂ ಎರಡು. ‘ಬೈಸೆಕ್ಟ್’ಗೆ ಒಂದು ಎಸ್, ಏಕೆಂದರೆ ‘ಬೈ’ ಮತ್ತು ‘ಸೆಕ್ಟ್’. ‘ಡಿಸೆಕ್ಟ್’ಗೆ ಎರಡು, ಏಕೆಂದರೆ ‘ಡಿಸ್’ ಮತ್ತು ‘ಸೆಕ್ಟ್’. ‘ಗವರ್ನ್‌ಮೆಂಟ್’ನ ನುಂಗಿಹೋದ ಎನ್ ‘ಗವರ್ನ್’ನಲ್ಲಿ ಕೂತಿದೆ. ‘ಡೆಫಿನಿಟ್ಲಿ’ ಪದದೊಳಗೆ ‘ಫೈನೈಟ್’ ಇದೆ ಅಂತ ಕಂಡವರು ಅಲ್ಲಿ ಎ ಬರೆಯುವುದಿಲ್ಲ.

ಉಚ್ಚಾರವಿಲ್ಲದ ಅಕ್ಷರಗಳಿಗೂ ಇದೇ ಮದ್ದು: ಮನೆತನ ವಿಚಾರಿಸಬೇಕು. ‘ಸೈನ್’ನಲ್ಲಿ ಜಿ ಏಕೆ? ‘ಸಿಗ್ನಲ್’, ‘ಸಿಗ್ನೇಚರ್’ ಕೇಳಿ. ‘ಬಾಂಬ್’ ಕೊನೆಯ ಬಿ? ‘ಬಂಬಾರ್ಡ್’. ‘ಮಸಲ್’ ನಡುವಿನ ಸಿ? ‘ಮಸ್ಕ್ಯುಲರ್’. ‘ಕಂಡೆಮ್’ ಕೊನೆಯ ಎನ್? ‘ಕಂಡೆಮ್ನೇಷನ್’. ಒಂದೇ ತುಂಡು ಬೇರೆ ಬೇರೆ ಪದಗಳಲ್ಲಿ ಬೇರೆ ಬೇರೆಯಾಗಿ ಕೇಳಿದರೂ ಇಂಗ್ಲಿಷ್ ಬರವಣಿಗೆ ಅದರ ಮುಖ ಬದಲಿಸುವುದಿಲ್ಲ. ಕನ್ನಡ ಲಿಪಿಯಲ್ಲಿ ಇಂಗ್ಲಿಷ್ ಓದುವವರಿಗೆ ಇಲ್ಲೇ ತೊಂದರೆ. ‘ಸೈನ್’ ಅಂತ ಕನ್ನಡದಲ್ಲಿ ಬರೆದ ಕೂಡಲೇ ಸಿಗ್ನಲ್ ಜೊತೆಗಿನ ಅದರ ನೆಂಟಸ್ತಿಕೆ ಹರಿದುಹೋಗುತ್ತದೆ. ಇದನ್ನು ಅಭ್ಯಾಸ ಮಾಡುವವರು ರೋಮನ್ ಲಿಪಿಯಲ್ಲೇ ನೋಟ್ಸ್ ಬರೆದುಕೊಳ್ಳಿ.

ನಿಯಮ ಸುಳ್ಳಾಗುವ ಕಡೆಯೂ ಹೇಳಬೇಕು. ‘ಪ್ರನೌನ್ಸ್’ನಿಂದ ಬಂದ ‘ಪ್ರನನ್ಸಿಯೇಷನ್’ನಲ್ಲಿ ನಡುವಿನ ಓ ಇಲ್ಲ. ‘ಎಕ್ಸ್‌ಪ್ಲೇನ್’ ಮುಂದೆ ‘ಎಕ್ಸ್‌ಪ್ಲನೇಷನ್’ ಆದಾಗ ಐ ಬಿದ್ದುಹೋಗುತ್ತದೆ. ‘ಮೇನ್‌ಟೇನ್’ನಿಂದ ‘ಮೇಂಟೆನೆನ್ಸ್’ ಆದಾಗ ‘ಟೇನ್’ ಹೋಗಿ ‘ಟೆನ್’ ಆಗುತ್ತದೆ. ಸರಕಾರಿ ಕಡತಗಳಲ್ಲಿ ಅತಿ ಹೆಚ್ಚು ತಪ್ಪಾಗುವ ಪದಗಳಲ್ಲಿ ಈ ಕೊನೆಯದೂ ಒಂದು.

ಹಾವೇರಿ_ಸಂಧಿಪ್ರಿಯ

ಕರಡು ತಿದ್ದುವವರು ‘ಆ್ಯಡ್’ ಹೋಗಿ ‘ಅಕ್’ ಆಯಿತು ಅಂದರಲ್ಲ, ಅಲ್ಲಿ ಸ್ವಲ್ಪ ನಿಲ್ಲೋಣ. ಶಾಲೆಯಲ್ಲಿ ಸಂಧಿ ಕಲಿತವರಿಗೆ ಇದು ಹೊಸದಲ್ಲ. ಉತ್ ಮತ್ತು ಲಾಸ ಸೇರಿದರೆ ಉಲ್ಲಾಸ, ಸತ್ ಮತ್ತು ಜನ ಸೇರಿದರೆ ಸಜ್ಜನ. ಹಿಂದಿನ ವ್ಯಂಜನ ಮುಂದಿನದರ ವೇಷ ಹಾಕುತ್ತದೆ. ‘ಆ್ಯಡ್’ ಕೂಡ ಹೀಗೆಯೇ: ಅಫ್, ಅಗ್, ಅಲ್, ಅನ್, ಅಪ್, ಅರ್, ಅಸ್, ಅಟ್ ಆಗುತ್ತದೆ. ಅಗ್ರೆಸಿವ್, ಅನೌನ್ಸ್, ಅರೈವ್, ಅಸಿಸ್ಟ್, ಅಟೆಂಡ್. ಎ ಅಕ್ಷರದ ನಂತರವೇ ಜೋಡಿ ವ್ಯಂಜನ ಕಂಡರೆ ಮೊದಲು ‘ಆ್ಯಡ್’ ಮೇಲೆ ಸಂಶಯ ಪಡಿ.

‘ಅಲ್ಲ’ ಎನ್ನುವ ‘ಇನ್’ ಕೂಡ ಇದೇ ಜಾತಿ. ಪಿ, ಬಿ, ಎಂ ಮುಂದೆ ಬಂದರೆ ‘ಇಮ್’: ಇಂಪಾಸಿಬಲ್, ಇಂಬ್ಯಾಲೆನ್ಸ್, ಇಮ್ಮಾರ್ಟಲ್. ಮೂರೂ ತುಟಿ ಮುಚ್ಚುವ ಅಕ್ಷರ, ಎನ್ ಹೇಳಲು ನಾಲಿಗೆ ಎತ್ತುವ ಮೊದಲೇ ತುಟಿ ಮುಚ್ಚಿಬಿಡುತ್ತದೆ. ಎಲ್ ಬಂದರೆ ‘ಇಲ್’, ಆರ್ ಬಂದರೆ ‘ಇರ್’: ಇಲ್ಲೀಗಲ್, ಇರ್ರೆಗ್ಯುಲರ್. ಜರ್ಮಾನಿಕ್ ಮೂಲದ ‘ಅನ್’ಗೆ ಈ ಚಟವಿಲ್ಲ. ಅನ್‌ಪೇಡ್, ಅನ್‌ಲಕಿ, ಅನ್‌ರಿಯಲ್, ಎಲ್ಲಿ ಹೋದರೂ ಅದು ಅನ್ನೇ.

ಇನ್ನೂ ಸ್ವಾರಸ್ಯ ಗ್ರೀಕಿನ ‘ಅ’ದಲ್ಲಿದೆ. ವ್ಯಂಜನದ ಮುಂದೆ ‘ಅ’, ಸ್ವರದ ಮುಂದೆ ‘ಅನ್’. ಏಥಿಯಿಸ್ಟ್, ಆದರೆ ಅನಾರ್ಕಿ. ಸಂಸ್ಕೃತದಲ್ಲೂ ಅಧರ್ಮ, ಆದರೆ ಅನರ್ಥ, ಅನುಚಿತ. ನಿಯಮ ಒಂದೇ, ಮೂಲವೂ ಒಂದೇ. ಇಂಗ್ಲಿಷಿನ ‘ಅನ್’, ಲ್ಯಾಟಿನ್ನಿನ ‘ಇನ್’, ಗ್ರೀಕಿನ ‘ಅ’, ಸಂಸ್ಕೃತದ ‘ಅ’ ಎಲ್ಲ ಒಂದೇ ಹಳೆಯ ಇಂಡೋ-ಯುರೋಪಿಯನ್ ತುಂಡಿನ ಮಕ್ಕಳು.

ಹಾಗಾಗಿ ರೂಟ್ ಪಟ್ಟಿಯ ಅರ್ಧ ನಿಮಗಾಗಲೇ ಗೊತ್ತು. ‘ಸ್ಪೆಕ್ಟ್’ ನಮ್ಮ ‘ಸ್ಪಷ್ಟ’ದ ಧಾತುವಿನ ನೆಂಟ. ‘ಡಿಕ್ಟ್’ ಎಂದರೆ ‘ದಿಶ್’, ಆದೇಶದಲ್ಲಿರುವುದು. ‘ಟ್ರಾನ್ಸ್‌ಫರ್’, ‘ರೆಫರ್’ಗಳ ‘ಫರ್’ ಎಂದರೆ ಭಾರ, ಭರಿಸುಗಳ ‘ಭೃ’. ‘ವಿಡ್’ ಎಂದರೆ ವಿದ್ಯೆ, ‘ಡೆಂಟ್’ ಎಂದರೆ ದಂತ, ‘ಪೆರಿ’ ಎಂದರೆ ಪರಿ, ‘ಹೈಪರ್’ ಎಂದರೆ ಉಪರಿ, ‘ಹೈಪೊ’ ಎಂದರೆ ಉಪ.

ಗದಗ_ಮಾಸ್ತರ

ಸಂಧಿಪ್ರಿಯ ಸರ, ಸಂಧಿ ಮಾತು ಒಪ್ಪಿದೆ. ನೆಂಟಸ್ತಿಕಿ ಪಟ್ಟಿ ನೆನಪಿಗೆ ಚೊಲೋ, ಪುರಾವೆ ಅಂತ ಮಾತ್ರ ಹಿಡೀಬ್ಯಾಡ್ರಿ. ‘ಪೆಡ್’ ಅಂದ್ರ ಪದ, ಪಾದ ಅಂತ ಕಲತ ಹುಡುಗ ‘ಪೆಡೆಸ್ಟ್ರಿಯನ್’, ‘ಪೆಡಲ್’ಗೆ ಸರಿಯಾಗಿ ಬರೀತಾನ. ‘ಪೀಡಿಯಾಟ್ರಿಕ್ಸ್’ ಬಂದ್ರ ‘ಕಾಲಿನ ವೈದ್ಯ’ ಅಂತ ಬರೀತಾನ. ಅದು ಗ್ರೀಕ್, ಅರ್ಥ ‘ಕೂಸು’. ಬ್ರಿಟಿಷರು ಅದರಾಗ ಪಿ-ಎ-ಇ ಬರದು ಬ್ಯಾರೆ ಮಾಡತಾರ, ಅಮೆರಿಕದವರು ಎ ಬಿಟ್ಟು ಎರಡೂ ಕಲಸಿಬಿಟ್ಟಾರ. ಹಂಗ ‘ಹೋಮೊ’ ಗ್ರೀಕಿನಾಗ ‘ಒಂದೇ ಥರದ್ದು’, ಲ್ಯಾಟಿನ್ನಿನಾಗ ‘ಮನುಷ್ಯ’. ‘ಹೋಮೊಜೀನಿಯಸ್’ ಬ್ಯಾರೆ, ‘ಹೋಮೊ ಸೇಪಿಯನ್ಸ್’ ಬ್ಯಾರೆ.

ಹಾವೇರಿ_ಸಂಧಿಪ್ರಿಯ

ಒಪ್ಪುತ್ತೇನೆ. ಅದಕ್ಕೇ ತುಂಡಿನ ಅರ್ಥ ಗೊತ್ತಾದರೆ ಪದದ ಅರ್ಥ ಬಂತು ಅಂತ ತಿಳಿಯಬಾರದು. ನಮ್ಮ ಪಂಡಿತರು ಉಪಸರ್ಗಕ್ಕೆ ಕೊಡುವ ಹಳೆಯ ಉದಾಹರಣೆಯೇ ಇದೆ: ಪ್ರಹಾರ, ಆಹಾರ, ಸಂಹಾರ, ವಿಹಾರ, ಪರಿಹಾರ. ಧಾತು ಒಂದೇ, ಒಂದು ಹೊಡೆತ, ಒಂದು ಊಟ, ಒಂದು ಕೊಲೆ, ಒಂದು ತಿರುಗಾಟ, ಒಂದು ಸರಕಾರ ಕೊಡುವುದು. ‘ಸ್ಪೆಕ್ಟ್’ ಕೂಡ ಹಾಗೆಯೇ. ಇನ್‌ಸ್ಪೆಕ್ಟ್ ಎಂದರೆ ಒಳಗೆ ನೋಡು, ರೆಸ್ಪೆಕ್ಟ್ ಎಂದರೆ ತಿರುಗಿ ನೋಡು, ಸಸ್ಪೆಕ್ಟ್ ಎಂದರೆ ಕೆಳಗಿನಿಂದ ನೋಡು. ತಿರುಗಿ ನೋಡುವುದು ಗೌರವವಾಯಿತು, ಕೆಳಗಣ್ಣಿನಿಂದ ನೋಡುವುದು ಸಂಶಯವಾಯಿತು. ತುಂಡುಗಳು ದಾರಿ ತೋರಿಸುತ್ತವೆ, ಮನೆ ಬಾಗಿಲಿಗೆ ತಂದು ಬಿಡುವುದಿಲ್ಲ.

ಸಿಸ್ಟರ್_ಹುಬ್ಬಳ್ಳಿ

ನರ್ಸಿಂಗ್ ಓದೋರಿಗೆ ತುಂಡುಗಳು ಬಾಗಿಲಿಗೂ ತಂದು ಬಿಡ್ತಾವ್ರಿ, ಯಾಕಂದ್ರ ಮೆಡಿಕಲ್ ಪದಗಳು ಬೇಕಂತಲೇ ಲೆಕ್ಕ ಹಾಕಿ ಕಟ್ಟಿದ್ದು. ಮಧ್ಯದಾಗ ಅಂಗ, ಕಡೀಗೆ ಏನಾಗೈತಿ ಅಥವಾ ಏನು ಮಾಡಿದ್ರು. ‘ಐಟಿಸ್’ ಅಂದ್ರ ಉರಿಯೂತ, ‘ಈಮಿಯಾ’ ಅಂದ್ರ ರಕ್ತದಾಗ, ‘ಯೂರಿಯಾ’ ಅಂದ್ರ ಮೂತ್ರದಾಗ. ಗೊಬ್ಬರದ ಯೂರಿಯಾಕ್ಕೂ ಮೂತ್ರಕ್ಕೂ ನೆಂಟಸ್ತನ ಐತಿ ಖರೆ, ಆದ್ರ ‘ಹೆಮಟೂರಿಯಾ’ ಅಂದ್ರ ಗೊಬ್ಬರ ಅಲ್ಲ, ಮೂತ್ರದಾಗ ರಕ್ತ.

ಗಲಿಬಿಲಿ ಆಗೂದು ಮೂರು ಬಾಲದಾಗ. ‘ಒಟಮಿ’ ಅಂದ್ರ ಕೊಯ್ಯೂದು. ‘ಎಕ್ಟಮಿ’ ಅಂದ್ರ ಕೊಯ್ದು ಹೊರಗ ತೆಗಿಯೂದು. ‘ಆಸ್ಟಮಿ’ ಅಂದ್ರ ಬಾಯಿ ಮಾಡಿ ಬಿಡೂದು. ದೊಡ್ಡ ಕರುಳಿನ ಮ್ಯಾಲೆ ಹಚ್ಚಿ ನೋಡ್ರಿ: ಕೊಲಾಟಮಿ, ಕೊಲೆಕ್ಟಮಿ, ಕೊಲಾಸ್ಟಮಿ. ಮೊದಲನೇದರಾಗ ಕರುಳು ಕೊಯ್ದಾರ, ಎರಡನೇದರಾಗ ತೆಗದಾರ, ಮೂರನೇದರಾಗ ಹೊಟ್ಟಿ ಮ್ಯಾಲೆ ದಾರಿ ಮಾಡಿ ಚೀಲ ಹಚ್ಚ್ಯಾರ. ಒಂದು ಅಕ್ಷರ ತಪ್ಪಿದ್ರ ಬ್ಯಾರೆ ಆಪರೇಷನ್. ‘ಟಾಮ್’ ಅಂದ್ರ ಕೊಯ್ಯೂದು ಅಂತ ಗೊತ್ತಾದ್ರ ‘ಆ್ಯಟಮ್’ ಅಂದ್ರ ಕೊಯ್ಯಾಕ ಆಗದ್ದು ಅಂತ ತಾನಾಗೇ ಹೊಳೀತೈತಿ.

ಸ್ಪೆಲ್ಲಿಂಗ್‌ಗೆ ಓ ನಿಯಮ ಇಟ್ಕೋರಿ. ಅಂಗಕ್ಕೂ ಬಾಲಕ್ಕೂ ನಡುವ ಓ ಹಾಕೂದು ಬಾಲ ವ್ಯಂಜನದಿಂದ ಶುರು ಆದ್ರ ಮಾತ್ರ: ಗ್ಯಾಸ್ಟ್ರೊಸ್ಕೊಪಿ. ಸ್ವರದಿಂದ ಶುರು ಆದ್ರ ಓ ಬಿಡಬೇಕು: ಗ್ಯಾಸ್ಟ್ರೈಟಿಸ್, ‘ಗ್ಯಾಸ್ಟ್ರೊಐಟಿಸ್’ ಅಲ್ಲ. ಆದ್ರ ಎರಡು ಅಂಗ ಜೋಡಿಸೂವಾಗ ಎರಡನೇದು ಸ್ವರದಿಂದ ಶುರು ಆದ್ರೂ ಓ ಉಳೀತೈತಿ: ಗ್ಯಾಸ್ಟ್ರೊ-ಎಂಟರೈಟಿಸ್.

‘ಹೈಪೊ’, ‘ಹೈಪರ್’ ಬಗ್ಗೆ ಕೈಮುಗದು ಹೇಳ್ತೀನಿ. ಹೈಪೊಗ್ಲೈಸೀಮಿಯಾ ಅಂದ್ರ ಸಕ್ಕರೆ 70 ಮಿಲಿಗ್ರಾಂ ಪ್ರತಿ ಡೆಸಿಲೀಟರ್‌ಗಿಂತ ಕೆಳಗ, ಅಂಥವರಿಗೆ ಗ್ಲುಕೋಸ್ ಕೊಡಬೇಕು. ಹೈಪರ್‌ಗ್ಲೈಸೀಮಿಯಾ ಅಂದ್ರ ಹೆಚ್ಚು, ಅಲ್ಲಿ ಇನ್ಸುಲಿನ್ ಲೆಕ್ಕ ಬರ್ತೈತಿ. ಫೋನಿನಾಗ ‘ಹೈಪ್ ಆಗೈತಿ’ ಅಂತ ಅರ್ಧ ಹೇಳೂದು ಅಪಾಯ. ಪೂರ್ತಿ ಪದ, ಜೊತಿಗೆ ಸಂಖ್ಯೆ ಹೇಳಬೇಕು.

‘ಆಂಟಿ’ ಕಥೆ ಇನ್ನೊಂದು. ‘ಆಂಟಿರೇಬಿಸ್’ದಾಗ ಐ, ಅರ್ಥ ‘ವಿರುದ್ಧ’. ಬಸುರಿ ಹೆಂಗಸರ ತಪಾಸಣೆಗೆ ‘ಆಂಟಿನೇಟಲ್’ ಅಂತೀವಲ್ಲ, ಅದರಾಗ ಇ, ಅರ್ಥ ‘ಮುಂಚೆ’, ಹೆರಿಗೆಗೆ ಮುಂಚಿನದು. ಐ ಹಾಕಿ ಬರದ್ರ ಹೆರಿಗೆಗೆ ವಿರುದ್ಧ ಅಂತ ಆಗ್ತೈತಿ! ಕನ್ನಡದಾಗ ಬರದ್ರ ಎರಡೂ ಒಂದ, ಮ್ಯಾಲೆ ಪಕ್ಕದ ಮನಿ ಆಂಟಿ ಬ್ಯಾರೆ.

ಸಪ್ತಾಪುರ_ಓದುಕೋಣೆ

ಸಿಸ್ಟರ್, ಭಾಳ ಉಪಕಾರ ಆತು. ಒಂದು ಸಂಶಯ. ಪಿಬಿ ರೋಡ್ ಮ್ಯಾಲ ಹೋಗೂ ಟ್ಯಾಂಕರ್ ಹಿಂದ ‘ಹೈಲಿ ಇನ್‌ಫ್ಲೇಮಬಲ್’ ಅಂತ ಇರತದ. ‘ಇನ್’ ಅಂದ್ರ ಅಲ್ಲ ಆದ್ರ, ಅದು ‘ಬೆಂಕಿ ಹತ್ತದ್ದು’ ಆಗಬೇಕಲ್ಲ?

ಕರಡು_ತಿದ್ದುವವ

ಮಾಸ್ತರರು ಹೇಳಿದ ಸುಲಿಯುವ ಕ್ರಮ ಹಾಕಿ ನೋಡಿ. ಹೊರಗಿನ ಸಿಪ್ಪೆ ‘ಏಬಲ್’. ಅದನ್ನು ತೆಗೆದರೆ ‘ಇನ್‌ಫ್ಲೇಮ್’, ಅಂದರೆ ಉರಿ ಹೊತ್ತಿಸು. ‘ಇನ್‌ಫ್ಲಮೇಷನ್’ ಅದಕ್ಕೆ ಸಾಕ್ಷಿ. ಇಲ್ಲಿನ ‘ಇನ್’ ಅಂದರೆ ‘ಒಳಗೆ’, ಇಂಪೋರ್ಟ್, ಇನ್‌ಸ್ಪೆಕ್ಟ್‌ಗಳಲ್ಲಿರುವುದು. ಎಡದಿಂದ ಕತ್ತರಿಸಿದವನಿಗೆ ಇದು ‘ಉರಿಯದ್ದು’ ಅಂತ ಕಾಣುತ್ತದೆ. ಈ ಭಯಕ್ಕಾಗಿಯೇ ಈಗ ಬರೀ ‘ಫ್ಲೇಮಬಲ್’ ಅಂತ ಬರೆಯುವ ರೂಢಿ ಬಂದಿದೆ. ಎರಡರ ಅರ್ಥವೂ ಒಂದೇ, ಉರಿಯದ್ದಕ್ಕೆ ‘ನಾನ್‌ಫ್ಲೇಮಬಲ್’. ‘ಇನ್‌ವ್ಯಾಲ್ಯುಯೆಬಲ್’ನಲ್ಲಿ ಮಾತ್ರ ‘ಇನ್’ ನಿಜವಾಗಿಯೂ ‘ಅಲ್ಲ’, ಆದರೆ ‘ಬೆಲೆ ಇಲ್ಲದ್ದು’ ಅಲ್ಲ, ‘ಬೆಲೆ ಕಟ್ಟಲಾಗದ್ದು’.

ಗದಗ_ಮಾಸ್ತರ

ಪರೀಕ್ಷೆದಾಗ ಬೀಳೂ ಇನ್ನೊಂದು ಗುಂಡಿ: ಗುಣವಾಚಕಕ್ಕ ‘ಅನ್’, ಅದರ ನಾಮಪದಕ್ಕ ‘ಇನ್’. ಅನೇಬಲ್, ಆದ್ರ ಇನೆಬಿಲಿಟಿ. ಅನ್‌ಈಕ್ವಲ್, ಆದ್ರ ಇನ್‌ಈಕ್ವಾಲಿಟಿ. ಅನ್‌ಜಸ್ಟ್, ಆದ್ರ ಇನ್‌ಜಸ್ಟಿಸ್. ಅನ್‌ಸ್ಟೇಬಲ್, ಆದ್ರ ಇನ್‌ಸ್ಟೆಬಿಲಿಟಿ. ಲ್ಯಾಟಿನ್ ಬಾಲ ಲ್ಯಾಟಿನ್ ತಲಿ ಕೇಳತದ. ‘ನೆಸ್’ ಬಾಲ ಇದ್ರ ‘ಅನ್’ ಉಳೀತದ.

ಇನ್ನ ಮೊದಲ ಕೇಳಿದ ‘ರೀ’. ರಿಟರ್ನ್ ಬ್ಯಾಕ್, ರಿಪೀಟ್ ಅಗೇನ್ ಅಂತ ಬರದವರಿಗೆ ಗೊತ್ತಾಗಬೇಕು, ಆ ‘ಬ್ಯಾಕ್’, ‘ಅಗೇನ್’ ಎರಡೂ ‘ರೀ’ ಒಳಗ ಕುಂತಾವ. ತಪ್ಪು ಗುರುತಿಸೂ ಪ್ರಶ್ನೆದಾಗ ಇದು ತಪ್ಪದ ಬರತದ. ಗೆರಿ ಹಾಕಿದ ‘ರೀ’ ಬ್ಯಾರೆ: ರಿಸೈನ್ ಅಂದ್ರ ರಾಜೀನಾಮೆ, ನಡುವ ಗೆರಿ ಇದ್ರ ಮತ್ತೊಮ್ಮೆ ಸಹಿ.

ಚಿಕ್ಕು_ಕಲಘಟಗಿ

ಸರ, ಇಂಟರ್ವ್ಯೂನಾಗ ‘ಫೋಟೊಗ್ರಾಫಿ’ ಅಂದ್ರ ನಗ್ತಾರ. ಸ್ಪೆಲ್ಲಿಂಗ್ ಸರಿ ಐತಿ, ಬಿಡಿಸಿದ್ರೂ ಸರಿ ಐತಿ, ಉಚ್ಚಾರ ಯಾಕ ತಪ್ಪತೈತಿ?

ಹಾವೇರಿ_ಸಂಧಿಪ್ರಿಯ

ಬಾಲ ಹಚ್ಚಿದಾಗ ಒತ್ತು, ಅಂದರೆ ಉಚ್ಚರಿಸುವಾಗ ಹಾಕುವ ಜೋರು, ಜಾಗ ಬದಲಿಸುತ್ತದೆ. ‘ಫೋಟೊಗ್ರಾಫ್’ನಲ್ಲಿ ಒತ್ತು ‘ಫೋ’ ಮೇಲೆ. ‘ಫೊಟಾಗ್ರಫಿ’ಯಲ್ಲಿ ‘ಟಾ’ ಮೇಲೆ. ‘ಫೋಟೊಗ್ರಾಫಿಕ್’ನಲ್ಲಿ ‘ಗ್ರಾ’ ಮೇಲೆ. ಕನ್ನಡದಲ್ಲಿ ಹೀಗೆ ಒತ್ತು ಓಡಾಡುವುದಿಲ್ಲ, ಅದಕ್ಕೇ ನಮ್ಮ ನಾಲಿಗೆ ಮೊದಲ ಪದದ ಒತ್ತನ್ನೇ ಎಲ್ಲದಕ್ಕೂ ಹೊತ್ತುಕೊಂಡು ಹೋಗುತ್ತದೆ.

ಸೂತ್ರ ಸುಲಭ. ಇಕ್, ಇಟಿ, ಅಯಾನ್ ಬಾಲಗಳು ಒತ್ತನ್ನು ತಮ್ಮ ಬೆನ್ನ ಹಿಂದಿನ ಉಚ್ಚಾರಾಂಶಕ್ಕೇ ಎಳೆಯುತ್ತವೆ: ಎಲೆಕ್ಟ್ರಿಸಿಟಿಯಲ್ಲಿ ‘ಟ್ರಿ’, ಎಜುಕೇಷನ್‌ನಲ್ಲಿ ‘ಕೇ’. ಕೆಲವು ಅಪವಾದ ಇವೆ, ಅರಿತ್ಮೆಟಿಕ್ ನಾಮಪದವಾದಾಗ ಒತ್ತು ‘ರಿ’ ಮೇಲೆ. ನೆಸ್, ಲೆಸ್, ಫುಲ್, ಲೀ ಬಾಲಗಳು ಒತ್ತನ್ನು ಮುಟ್ಟುವುದೇ ಇಲ್ಲ.

ಭೂತಕಾಲದ ‘ಇ-ಡಿ’ಯನ್ನೂ ಸರಿಮಾಡಿಕೊಳ್ಳಿ. ಟಿ ಅಥವಾ ಡಿ ಧ್ವನಿಯ ಮೇಲೆ ಹತ್ತಿದರೆ ಮಾತ್ರ ‘ಇಡ್’: ವಾಂಟಿಡ್. ಕ್, ಪ್, ಸ್‌ನಂಥ ಅಘೋಷ (ಗಂಟಲು ನಡುಗದ) ಧ್ವನಿಯ ಮೇಲೆ ‘ಟ್’: ವಾಕ್ಟ್. ಉಳಿದೆಡೆ ‘ಡ್’: ಪ್ಲೇಡ್. ‘ವಾಕೆಡ್’ ಎಂಬ ಪದ ಇಂಗ್ಲಿಷಿನಲ್ಲಿಲ್ಲ.

ಕರಡು_ತಿದ್ದುವವ

ಜೋಡಿ ಅಕ್ಷರಕ್ಕೂ ಒತ್ತೇ ಕಾರಣ, ಸೇರಿಸಿಬಿಡುತ್ತೇನೆ. ಪದದ ಕೊನೆಗೆ ಒಂದು ಸ್ವರ, ಒಂದು ವ್ಯಂಜನ ಇದ್ದು, ಒತ್ತು ಕೊನೆಯಲ್ಲೇ ಇದ್ದರೆ, ಸ್ವರದಿಂದ ಶುರುವಾಗುವ ಬಾಲ ಹಚ್ಚುವಾಗ ವ್ಯಂಜನ ಎರಡಾಗುತ್ತದೆ. ‘ಬಿಗಿನ್’ನಿಂದ ‘ಬಿಗಿನಿಂಗ್’ಗೆ ಎರಡು ಎನ್. ‘ಓಪನ್’ನಿಂದ ‘ಓಪನಿಂಗ್’ಗೆ ಒಂದೇ, ಒತ್ತು ಮೊದಲಲ್ಲಿದೆ. ‘ರೆಫರ್’ ಸೊಗಸಾದ ಉದಾಹರಣೆ: ‘ರೆಫರ್ಡ್’ಗೆ ಆರ್ ಎರಡು, ಆದರೆ ‘ರೆಫರೆನ್ಸ್’ನಲ್ಲಿ ಒತ್ತು ಮೊದಲಿಗೆ ಓಡಿದ್ದರಿಂದ ಆರ್ ಒಂದೇ. ಬ್ರಿಟಿಷ್ ರೂಢಿಯ ‘ಟ್ರಾವೆಲ್ಡ್’ ಮಾತ್ರ ಒತ್ತು ನೋಡದೆ ಎಲ್ ಎರಡು ಮಾಡುತ್ತದೆ, ನಮ್ಮ ಪರೀಕ್ಷೆಗಳಿಗೆ ಅದನ್ನೇ ಹಿಡಿಯಿರಿ. ಕೊನೆಯ ಇ ಸ್ವರದ ಬಾಲದ ಮುಂದೆ ಬೀಳುತ್ತದೆ, ಆದರೆ ‘ನೋಟೀಸಬಲ್’, ‘ಕರೇಜಿಯಸ್’ಗಳಲ್ಲಿ ಉಳಿಯುತ್ತದೆ, ಇಲ್ಲದಿದ್ದರೆ ಸಿ ‘ಕ’ ಆಗಿ, ಜಿ ‘ಗ’ ಆಗಿ ಕೇಳುತ್ತವೆ.

ಸಪ್ತಾಪುರ_ಓದುಕೋಣೆ

ಎಷ್ಟು ತುಂಡು ಕಲತ್ರ ಸಾಕು? ಪರೀಕ್ಷೆಗೆ ಎರಡು ತಿಂಗಳು ಅದ.

ಗದಗ_ಮಾಸ್ತರ

ಅನ್, ರೀ, ಡಿಸ್, ಮತ್ತ ‘ಅಲ್ಲ’ ಅನ್ನೂ ಇನ್ ಅದರ ವೇಷಗಳ ಸಹಿತ, ಇವು ನಾಲ್ಕನ್ನ ಮೊದಲು ಪಕ್ಕಾ ಮಾಡ್ರಿ. ಅಮೆರಿಕದ ಶಾಲಾ ಪುಸ್ತಕಗಳ ಪದ ಎಣಿಸಿದ 1989ರ ಒಂದು ಲೆಕ್ಕದಾಗ, ತಲಿ ತುಂಡು ಇದ್ದ ಪದಗಳೊಳಗ ಶೇಕಡಾ 58 ಇವು ನಾಲ್ಕರದ್ದ. ಆಮ್ಯಾಲ ಇಪ್ಪತ್ತು ಬಾಲ, ನಲವತ್ತು ಧಾತು. ದಿನಕ್ಕ ಒಂದು ಧಾತು, ಅದಕ್ಕ ಐದು ಪದ, ಪ್ರತಿ ಪದಕ್ಕೂ ಎರಡು ಸಾಕ್ಷಿ. 500 ಬೇಕಾಗಿಲ್ಲ.

ಇನ್ನೊಂದು: ಇಂಗ್ಲಿಷ್ ಮಂದಿನೂ ತಪ್ಪು ಜಾಗಾದಾಗ ಕತ್ತರಿಸ್ಯಾರ. ‘ಹೆಲಿಕಾಪ್ಟರ್’ ಫ್ರೆಂಚಿನಾಗ 1861ರಾಗ ಹುಟ್ಟಿದ ಪದ, ತುಂಡು ‘ಹೆಲಿಕೊ’ ಮತ್ತ ‘ಪ್ಟರ್’, ಸುರುಳಿ ಮತ್ತ ರೆಕ್ಕಿ. ಕೃಷಿ ವಿಶ್ವವಿದ್ಯಾಲಯದ ಹುಡುಗರಿಗೆ ಈ ರೆಕ್ಕಿ ಗೊತ್ತದ: ಲೆಪಿಡಾಪ್ಟೆರಾ ಅಂದ್ರ ಹುರುಪಿ ರೆಕ್ಕಿಯವು, ಗೋವಿನಜೋಳದ ಸೈನಿಕ ಹುಳದ ಪತಂಗ ಅದ ಗುಂಪಿನ್ಯಾಗ ಬರತದ. ಆದ್ರ ಜನ ‘ಹೆಲಿ’ ಮತ್ತ ‘ಕಾಪ್ಟರ್’ ಅಂತ ಮುರದ್ರು, ಅದರಿಂದ ಹೆಲಿಪ್ಯಾಡ್ ಆತು. ‘ಹ್ಯಾಂಬರ್ಗ್’ ಊರಿಗೆ ‘ಅರ್’ ಹಚ್ಚಿದ ‘ಹ್ಯಾಂಬರ್ಗರ್’ ಮುರದು ‘ಹ್ಯಾಂ’ ಮತ್ತ ‘ಬರ್ಗರ್’ ಆತು, ಈಗ ವೆಜ್ ಬರ್ಗರ್ ತಿಂತೀವಿ. ತಪ್ಪು ಕತ್ತರಿಯಿಂದ ಬಂದ ತುಂಡು ಹೊಸ ಪದದಾಗ ಬಾಳೇವು ಮಾಡಿದ್ರ ಅದೂ ಈಗ ತುಂಡ. ನಮ್ಮ ‘ಪ್ರಿಪೋನ್’ ಹಂಗಲ್ಲ, ಅದು ‘ಪೋಸ್ಟ್’ ಮತ್ತ ‘ಪೋನ್’ ಅಂತ ಸರಿಯಾದ ಜಾಗಾದಾಗ ಕತ್ತರಿಸಿ, ತಲಿ ಬದಲಿಸಿ ಕಟ್ಟಿದ್ದು. ಆಕ್ಸ್‌ಫರ್ಡ್ ನಿಘಂಟಿನ್ಯಾಗ ಅದಕ್ಕ ಜಾಗ ಸಿಕ್ಕದ.

ಚಿಕ್ಕು_ಕಲಘಟಗಿ

ಹಂಗಾದ್ರ ‘ಬಸ್’ ಅನ್ನೂದರಾಗ ಏನೈತ್ರಿ? ಇಷ್ಟ ಸಣ್ಣದು.

ಹಾವೇರಿ_ಸಂಧಿಪ್ರಿಯ

‘ಬಸ್’ ಅಂದರೆ ಬರೀ ಬಾಲ. 1820ರ ದಶಕದಲ್ಲಿ ಫ್ರಾನ್ಸಿನಲ್ಲಿ ಎಲ್ಲರನ್ನೂ ಹತ್ತಿಸಿಕೊಳ್ಳುವ ಗಾಡಿಗೆ ‘ಓಮ್ನಿಬಸ್’ ಅಂದರು. ಲ್ಯಾಟಿನ್ನಿನಲ್ಲಿ ‘ಓಮ್ನಿ’ ಅಂದರೆ ಎಲ್ಲ, ‘ಬಸ್’ ಅಂದರೆ ನಮ್ಮ ಚತುರ್ಥಿ ವಿಭಕ್ತಿಯ ‘ಗೆ’. ‘ಎಲ್ಲರಿಗೆ’ ಪದದಲ್ಲಿ ‘ಎಲ್ಲ’ ಬಿದ್ದುಹೋಗಿ ‘ರಿಗೆ’ ಮಾತ್ರ ಉಳಿದ ಹಾಗೆ. ಧಾರವಾಡದಿಂದ ಹುಬ್ಬಳ್ಳಿಗೆ ‘ಚಿಗರಿ’ ಬಸ್ಸು ಹತ್ತುವವರೆಲ್ಲ ಒಂದು ವಿಭಕ್ತಿ ಪ್ರತ್ಯಯದ ಮೇಲೆ ಕೂತು ಹೋಗುತ್ತಾರೆ.

ಚಿಕ್ಕು_ಕಲಘಟಗಿ

ಮಿನಿಬಸ್ಸು?

ಹಾವೇರಿ_ಸಂಧಿಪ್ರಿಯ

ಅದು ಇನ್ನೂ ಮಜಾ. ‘ಮಿನಿ’ಯನ್ನು ‘ಮಿನಿಯೇಚರ್’ನಿಂದ ಕತ್ತರಿಸಿಕೊಂಡದ್ದು. ಮಿನಿಯೇಚರ್‌ಗೆ ಮೂಲದಲ್ಲಿ ‘ಚಿಕ್ಕದು’ ಅನ್ನುವ ಅರ್ಥವೇ ಇರಲಿಲ್ಲ. ಹಸ್ತಪ್ರತಿಗಳಲ್ಲಿ ಚಿತ್ರ, ಅಕ್ಷರ ಬರೆಯುತ್ತಿದ್ದ ‘ಮಿನಿಯಮ್’ ಎಂಬ ಕೆಂಪು ಬಣ್ಣದಿಂದ ಬಂದ ಪದ ಅದು. ಅಂಥ ಚಿತ್ರಗಳು ಚಿಕ್ಕವಿರುತ್ತಿದ್ದವು, ಮೇಲಾಗಿ ‘ಮಿನಿಮಮ್’ನ ಹಾಗೆ ಕೇಳಿಸುತ್ತಿತ್ತು. ಅಂತೂ ಮಿನಿಬಸ್ಸಿನ ಮುಂದಿನ ತುಂಡು ಕೆಂಪು ಬಣ್ಣ, ಹಿಂದಿನ ತುಂಡು ‘ಗೆ’.

ಗದಗ_ಮಾಸ್ತರ

ಇದನ್ನ ಪರೀಕ್ಷೆದಾಗ ಬರೀಬ್ಯಾಡ ತಮ್ಮಾ. ‘ಸಣ್ಣ ಬಸ್ಸು’ ಅಂತ ಬರಿ.